ಅಳಿಸಿದ ಅಳತೆಗಳು

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಬರೆಯುವುದೆಲ್ಲ ವೈಕುಂಠ ಸಮಾರಾಧನೆಯ ಊಟಕ್ಕೆ ಕೂತವರು ಆಡುವ ಮಾತಿನ ಹಾಗೆ ಕೇಳಿಸೀತು. ಅವರು ಹೋಗಿ ಎರಡು ವರ್ಷವಾಯಿತು. ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಹೋಗಿಲ್ಲ.

ನಾನು ಮೈಸೂರಿನ ಕಡೆಯವನು. ಬ್ಯಾಂಕಿನ ಕೆಲಸದಲ್ಲಿ ತಿರುವನಂತಪುರಕ್ಕೆ ವರ್ಗವಾಗಿ ಬಂದವನು, ಅಲ್ಲಿಂದ ಕೊಚ್ಚಿಗೆ ಹೋಗಿ, ಅಲ್ಲಿಯೇ ನಿವೃತ್ತನಾಗಿ ಉಳಿದುಬಿಟ್ಟೆ. ಅವರು ಕಾಸರಗೋಡಿನವರು. ತಿರುವನಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅನುವಾದಕರಾಗಿದ್ದರು. ಮಲಯಾಳದಲ್ಲಿ ಹೊರಡುವ ಆದೇಶಗಳನ್ನು ತಮ್ಮ ಊರಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರುವುದು ಅವರ ಉದ್ಯೋಗ. ದಿನವಿಡೀ ನೀರಿನ ತೆರಿಗೆ, ರೇಷನ್ ಕಾರ್ಡು, ಸೊಳ್ಳೆ ನಿರ್ಮೂಲನ ಎಂದು ಬರೆಯುತ್ತಿದ್ದ ಆ ಸಪೂರ ಮನುಷ್ಯ ಸಂಜೆ ಮನೆಗೆ ಹೋಗಿ, ಕೈಕಾಲು ತೊಳೆದು, ಮುಂಡು ಉಟ್ಟು, ಐವತ್ತು ಅರವತ್ತು ವರ್ಷ ಹಳೆಯ ಗಂಡಸರ ಪತ್ರಿಕೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು.

ಗಂಡಸರ ಪತ್ರಿಕೆ ಎಂದ ಕೂಡಲೇ ಜನ ತುಟಿಯಂಚಿನಲ್ಲಿ ನಗುತ್ತಾರೆ. ಅವರು ನಗುವ ಕಾರಣವೂ ಅದರಲ್ಲಿತ್ತು, ಇರಲಿಲ್ಲ ಎನ್ನುವುದಿಲ್ಲ. ನಡುಪುಟದಲ್ಲಿ ಬಟ್ಟೆ ಕಡಿಮೆ ಇರುವ ಹೆಂಗಸು ಇದ್ದೇ ಇರುತ್ತಿದ್ದಳು. ಆದರೆ ಅದರ ಹಿಂದೆ ಮುಂದೆ ಸಣ್ಣಕತೆ, ಬೇಟೆಯ ಅನುಭವ, ಸೂಟಿನ ಚಿತ್ರ, ಟೈ ಕಟ್ಟುವ ಕ್ರಮ, ತಲೆಗೆ ಹಚ್ಚುವ ಕ್ರೀಮು, ಸಿಗರೇಟು, ಸ್ಕೂಟರು, ಎತ್ತರ ಹೆಚ್ಚಿಸುವ ಯಂತ್ರದ ಜಾಹೀರಾತು, ಓದುಗರ ಪ್ರಶ್ನೆ, ಎಲ್ಲ ಇರುತ್ತಿದ್ದವು. ಮುಂಬಯಿಯಿಂದಲೂ ಹೊರದೇಶಗಳಿಂದಲೂ ಹಡಗು, ರೈಲು ಹತ್ತಿ ಕೇರಳಕ್ಕೆ ಬಂದು, ಕ್ಷೌರದಂಗಡಿ, ದರ್ಜಿಯಂಗಡಿ, ಲಾಡ್ಜುಗಳಲ್ಲಿ ಕೈಯಿಂದ ಕೈಗೆ ದಾಟಿ, ಕೊನೆಗೆ ಗುಜರಿ ಸೇರಿದ ಪತ್ರಿಕೆಗಳು.

ನಾನೂ ಅವನ್ನೇ ಸಂಗ್ರಹಿಸುತ್ತಿದ್ದೆ. ಅವರಿಗಿಂತ ಮೊದಲಿನಿಂದ. ಆದರೆ ಕದ್ದು. ನನ್ನ ಸಂಗ್ರಹ ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿತ್ತು. ಅದರಲ್ಲಿರುವುದು ಬ್ಯಾಂಕಿನ ಹಳೆಯ ಸರ್ಕ್ಯುಲರ್‌ಗಳು ಎಂದು ಹೆಂಡತಿಗೆ ಹೇಳಿದ್ದೆ.

ನಮ್ಮ ಮೊದಲ ಭೇಟಿಯಾದದ್ದು ಚಾಲೆ ಬಜಾರಿನ ಹಿಂದಿನ ಓಣಿಯ ಗುಜರಿ ಅಂಗಡಿಯಲ್ಲಿ. ನಾನು ಒಂದು ಸಂಚಿಕೆಯನ್ನು ವಾರ್ತಾಪತ್ರಿಕೆಗಳ ನಡುವೆ ಮುಚ್ಚಿಟ್ಟುಕೊಂಡು ಪುಟ ತಿರುಗಿಸಿದೆ. ಒಳಗೆಲ್ಲ ತೂತು. "ಥೂ, ಗೆದ್ದಲು" ಎಂದೆ. ಪಕ್ಕದಲ್ಲಿ ರಸ್ತೆಯ ಬೆಳಕಿಗೆ ಹಿಡಿದು ಇಂಥದ್ದೇ ಒಂದನ್ನು ರಾಜಾರೋಷವಾಗಿ ಓದುತ್ತಿದ್ದವರು ತಲೆಯೆತ್ತಿದರು.

"ಗೆದ್ದಲಲ್ಲ ಅದು. ಗೆದ್ದಲಾದ್ರೆ ಮಣ್ಣು ಇರ್ತದೆ. ಇದು ಬೆಳ್ಳಿಹುಳ. ನೀವು ಕರ್ನಾಟಕದವರಾ?"

ಪರಿಚಯವಾದ ಸಂತೋಷಕ್ಕಿಂತ, ಮೊದಲ ಮಾತಿನಲ್ಲೇ ನನ್ನನ್ನು ತಿದ್ದಿದರಲ್ಲ ಎಂಬ ಕಿರಿಕಿರಿಯೇ ಮೊದಲು ಬಂತು. ಆ ದಿನ ಅಂಗಡಿಯವನು ಒಳಗಿನಿಂದ ಒಂದು ಕಟ್ಟು ತಂದು ಅವರ ಕೈಗೆ ಕೊಟ್ಟ. ಅವರಿಗಾಗಿಯೇ ಎತ್ತಿಟ್ಟಿದ್ದನಂತೆ. ನಾನು ಎಂಟು ತಿಂಗಳಿಂದ ಪ್ರತಿ ಶನಿವಾರ ಅಲ್ಲಿಗೆ ಹೋಗುತ್ತಿದ್ದೆ. ನನಗಾಗಿ ಅವನು ಏನನ್ನೂ ಎತ್ತಿಟ್ಟಿರಲಿಲ್ಲ. ಆಮೇಲೆ ತಿಳಿಯಿತು, ಅಂಗಡಿಯವನ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಇವರು ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಿದ್ದರು. ಪತ್ರಿಕೆಗಾಗಿ ಹೋದದ್ದಲ್ಲ. ಅವರ ಸ್ವಭಾವವೇ ಹಾಗೆ. ಲೆಕ್ಕ ಹಾಕಿ ಹೋಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಅವರ ಮನೆಗೆ ಹೋದ ದಿನ ಉರಿ ಇನ್ನೂ ಹೆಚ್ಚಾಯಿತು. ಪುರಾಣ ಓದುವಾಗ ಪುಸ್ತಕ ಇಡುವ ವ್ಯಾಸಪೀಠವಿರುತ್ತದಲ್ಲ, ಅದರ ಮೇಲೆ ಒಂದು ಗಂಡಸರ ಪತ್ರಿಕೆ ತೆರೆದುಕೊಂಡಿತ್ತು. ಮುಂದೆ ಅವರ ಹೆಂಡತಿ ಕೂತು ಸೂಜಿ ದಾರದಲ್ಲಿ ಹೊಲಿಯುತ್ತಿದ್ದರು. ಗಣಿತದ ಟೀಚರು. ಅಲ್ಲಿನ ರೂಢಿಯಂತೆ ಬೀದಿಯವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ.

"ಈ ಊರಿನ ಗಾಳಿಗೆ ಪಿನ್ನು ತುಕ್ಕು ಹಿಡಿತದೆ. ತುಕ್ಕು ಕಾಗದವನ್ನು ತಿಂತದೆ. ಹಾಗಾಗಿ ಪಿನ್ನು ತೆಗೆದು ಹೊಲಿಯುದು," ಎಂದು ಟೀಚರ್ ವಿವರಿಸಿದರು. ಆಗ ಅವರ ಕೈಯಲ್ಲಿದ್ದದ್ದು ಸರಿಯಾಗಿ ನಡುಪುಟ. ಅದನ್ನೊಮ್ಮೆ ನೋಡಿ, "ಈ ಹುಡುಗಿಗೆ ಥಂಡಿ ಆಗುದಿಲ್ವಾ ಎಂತದೋ," ಎಂದು ಹೇಳಿ ದಾರ ಕಚ್ಚಿ ತುಂಡು ಮಾಡಿದರು.

ನಾನು ಎತ್ತ ನೋಡಬೇಕೆಂದು ತಿಳಿಯದೆ ಚಾವಣಿ ನೋಡಿದೆ. ನನ್ನ ಸೂಟ್‌ಕೇಸು ನೆನಪಾಯಿತು. ನನ್ನ ಹೆಂಡತಿಯೂ ಬಹುಶಃ ಹೀಗೆಯೇ ನಕ್ಕುಬಿಡುತ್ತಿದ್ದಳೇನೋ. ನಾನು ಕೇಳಿರಲಿಲ್ಲ.

ಅವರ ಕಪಾಟಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಬಜೆಯ ತುಂಡುಗಳು, ಹುಳ ಬಾರದ ಹಾಗೆ. ಮಳೆಗಾಲದಲ್ಲಿ ಒಳಗೆ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು, ತೇವ ಕೂರದ ಹಾಗೆ. ಪ್ರತಿ ಸಂಚಿಕೆಗೂ ಒಂದು ಚೀಟಿ. ಅದರಲ್ಲಿ ಅವರ ಗುಂಡು ಕನ್ನಡ ಅಕ್ಷರ. "ಕ್ಷೌರದಂಗಡಿಯದ್ದು. ಸೋಪಿನ ಕಲೆ ಉಂಟು." "ನಡುಪುಟ ಇಲ್ಲ. ಯಾರೋ ಕೊಂಡುಹೋಗಿದ್ದಾರೆ." ಕೊಂಡುಹೋದವನ ಮೇಲೆ ಬೇಸರವಿಲ್ಲದ, ಅವನ ಹಾಜರಿಯನ್ನೂ ಬರೆದಿಟ್ಟ ಹಾಗಿನ ಬರವಣಿಗೆ.

ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಓದುಗರ ಪ್ರಶ್ನೆಗಳು. ಕೇರಳದ ಊರಿನ ಹೆಸರು ಇರುವ ಪ್ರಶ್ನೆಗಳನ್ನೆಲ್ಲ ಕಾರ್ಡುಗಳಲ್ಲಿ ಕನ್ನಡಕ್ಕೆ ಇಳಿಸಿಟ್ಟಿದ್ದರು. ಆಲಪ್ಪುಳದ ಒಬ್ಬ ಕೇಳಿದ್ದ: ಹೊಸದಾಗಿ ಮದುವೆಯಾದವನು ಬೀದಿಯಲ್ಲಿ ಹೆಂಡತಿಯ ಮುಂದೆ ನಡೆಯಬೇಕೋ ಪಕ್ಕದಲ್ಲೋ? ಸಂಪಾದಕರ ಉತ್ತರ: ಪಕ್ಕದಲ್ಲಿ, ಕೊಡೆ ನಿಮ್ಮ ಕೈಯಲ್ಲಿರಲಿ. ಇದನ್ನು ಓದಿ ಹೇಳಿ ಅವರು ಕಾರ್ಡನ್ನು ಅದರ ಜಾಗಕ್ಕೆ ಸೇರಿಸಿಟ್ಟರು. ಆಮೇಲೆ, "ಕೇಳ್ಲಿಕ್ಕೆ ಅವನಿಗೆ ಬೇರೆ ಯಾರೂ ಇರ್ಲಿಲ್ಲ, ನೋಡಿ. ಅಪ್ಪನ ಹತ್ರ ಕೇಳ್ಲಿಕ್ಕಾಗ್ತದಾ? ಗಂಡಸಾಗುದು ಹೇಗೆ ಅಂತ ಯಾರೂ ಹೇಳಿಕೊಡುದಿಲ್ಲ. ಗೊತ್ತುಂಟು ಅಂತ ಎಲ್ರೂ ನಟನೆ ಮಾಡುದು," ಎಂದರು.

ವಿಳಿಂಜಂ ಕಡೆಯ ಇನ್ನೊಬ್ಬ, ತಾನು ಐದಡಿ ಎರಡಂಗುಲ ಇದ್ದೇನೆ, ಎತ್ತರ ಕಾಣಲು ಎಂಥ ಪ್ಯಾಂಟು ಹಾಕಬೇಕು ಎಂದು ಕೇಳಿದ್ದ. ಇವರು ಒಂದು ಭಾನುವಾರ ಬಸ್ಸು ಹತ್ತಿ ಅವನನ್ನು ಹುಡುಕಿಕೊಂಡು ಹೋದರು. ಸಿಕ್ಕಿದ. ಎಪ್ಪತ್ತು ದಾಟಿದವನು, ಈಗಲೂ ಐದಡಿ ಎರಡಂಗುಲ. ಆ ಪತ್ರ ಬರೆದದ್ದು ತಾನು ಎಂದು ಮೊಮ್ಮಕ್ಕಳ ಮುಂದೆ ಒಪ್ಪಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮೀನು ಸಾರಿನ ಊಟ ಹಾಕಿಸಲು ಹೊರಟನಂತೆ. ಇವರು ಸಸ್ಯಾಹಾರಿ ಎಂದಾಗ ಬಾಳೆಹಣ್ಣಿನ ಗೊನೆಯನ್ನೇ ಮುಂದಿಟ್ಟನಂತೆ. ಬರುವಾಗ ಮಂಚದ ಕೆಳಗಿನಿಂದ ಹನ್ನೊಂದು ಸಂಚಿಕೆ ತೆಗೆದುಕೊಟ್ಟ. ಅದೇ ಭಾನುವಾರ ನಾನು ನಾಲ್ಕು ಗುಜರಿ ಅಂಗಡಿ ಸುತ್ತಿ, ಧೂಳಿಗೆ ಮೂಗು ಕಟ್ಟಿಸಿಕೊಂಡು ಬರಿಗೈಯಲ್ಲಿ ಬಂದಿದ್ದೆ.

ಕೊಚ್ಚಿಗೆ ವರ್ಗವಾದಾಗ ನನಗೆ ಸಂತೋಷವೇ ಆಯಿತು. ತಿರುವನಂತಪುರ ಅವರದಾಗಿರಲಿ, ಕೊಚ್ಚಿ ನನ್ನದು ಎಂದುಕೊಂಡೆ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗು ಬಂದು ನಿಲ್ಲುವ ಊರು. ಹಡಗಿನವರ ಪೆಟ್ಟಿಗೆಗಳಲ್ಲಿ ಏನೇನು ಇಳಿದಿರಬಹುದು. ಆದರೆ ನನ್ನ ಮುರುಕು ಮಲಯಾಳದಲ್ಲಿ ನಿವೃತ್ತ ನಾವಿಕರ ಮನೆ ಬಾಗಿಲು ತಟ್ಟಿ, ಹಳೆಯ ಗಂಡಸರ ಪತ್ರಿಕೆ ಇದೆಯೇ ಎಂದು ಕೇಳುವುದು ಸುಲಭವಾಗಿರಲಿಲ್ಲ. ಒಂದು ಮನೆಯ ಸೊಸೆ ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಪಕ್ಕದ ಮನೆಯವರನ್ನು ಕೂಗಿ ಕರೆದಳು. ನಾನು ಬೇಗ ಬೇಗ ನಡೆದೆ.

ಒಂದು ಎರಡನೇ ಶನಿವಾರ ಬೆಳಗಿನ ರೈಲಿಗೆ ಅವರು ಬಂದರು. "ಫೋರ್ಟ್ ಕೊಚ್ಚಿಯಲ್ಲಿ ನನಗೊಬ್ರು ಪರಿಚಯದವರು ಉಂಟು, ಬನ್ನಿ" ಎಂದರು. ನನ್ನ ಊರಿನಲ್ಲಿ ಅವರಿಗೆ ಪರಿಚಯದವರು.

ಆ ಪರಿಚಯದವರು ಎಂಬತ್ತು ದಾಟಿದ ಒಬ್ಬ ದರ್ಜಿ. ಒಂದು ಕಾಲಕ್ಕೆ ಹಡಗಿನ ಅಧಿಕಾರಿಗಳಿಗೆ, ದುಬೈಗೆ ಹೊರಟವರಿಗೆ, ಮದುಮಕ್ಕಳಿಗೆ ಸೂಟು ಹೊಲಿದವರು. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಪೆನ್ಸಿಲು. ನಾನು ಒಳಗೆ ಕಾಲಿಟ್ಟ ಕೂಡಲೇ ಟೇಪು ಮುಟ್ಟದೆಯೇ ನನ್ನ ಎದೆ, ಸೊಂಟದ ಅಳತೆ ಹೇಳಿಬಿಟ್ಟರು. ಸೊಂಟದ್ದು ನಾನು ಒಪ್ಪಿಕೊಳ್ಳುವುದಕ್ಕಿಂತ ಎರಡು ಅಂಗುಲ ಹೆಚ್ಚು. ಸರಿಯಾಗಿಯೇ ಹೇಳಿದ್ದರು.

ಅವರ ಹಿಂದಿನ ಶೆಲ್ಫಿನಲ್ಲಿ ನಾನು ಕಂಡದ್ದು ಇಪ್ಪತ್ತಾರು ಸಂಚಿಕೆಗಳ ಸಾಲು. ಮುಂಬಯಿಯಿಂದ ಬರುತ್ತಿದ್ದ ಒಂದು ಇಂಗ್ಲಿಷ್ ಮಾಸಪತ್ರಿಕೆ, ಅದರ ಮೊದಲ ಎರಡು ವರ್ಷಗಳು, ಎರಡು ವಿಶೇಷಾಂಕಗಳೂ ಸೇರಿ. ನನ್ನ ಹತ್ತಿರ ಅದರ ನಾಲ್ಕೇ ಸಂಚಿಕೆ ಇದ್ದವು. ನನ್ನನ್ನು ಕರೆತಂದ ಇವರು ಒಂದನ್ನು ಕೆಳಗಿಳಿಸಿ, ಪುಟ ತಿರುಗಿಸಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು, ಹಿಂದಿಟ್ಟರು. ಆಮೇಲೆ ಗಂಟೆಗಟ್ಟಲೆ ಕಾಲರಿನ ಬಗ್ಗೆ ಮಾತು. ಹಾಲಿಲ್ಲದ ಕಟ್ಟನ್ ಚಹಾ. ಮತ್ತೆ ಕಾಲರು. ಪತ್ರಿಕೆ ಕೊಡುತ್ತೀರಾ ಎಂಬ ಮಾತೇ ಇಲ್ಲ. ಹೊರಡುವಾಗ ದರ್ಜಿಯ ಮಗಳಿಗೆ ನನ್ನನ್ನು ತೋರಿಸಿ, "ಇವರು ನಮ್ಮವರು, ಇಲ್ಲೇ ಆಚೆ ದಡ, ಎರ್ನಾಕುಳಂನಲ್ಲೇ ಇದ್ದಾರೆ. ಏನಾದರೂ ಬೇಕಾದರೆ ಇವರಿಗೆ ಹೇಳಿ, ನನಗೆ ಹೇಳಿದ ಹಾಗೆಯೇ," ಎಂದು ಮಲಯಾಳದಲ್ಲಿ ಹೇಳಿ ನನ್ನ ಕಾರ್ಡು ಕೊಡಿಸಿದರು.

ಹಿಂದಿರುಗುವಾಗ ಬೋಟಿನಲ್ಲಿ ಕೇಳಿದೆ: "ಯಾಕೆ ಸಾರ್ ಕೇಳಲಿಲ್ಲ? ಕೇಳಿದ್ದರೆ ಕೊಡ್ತಿದ್ದರು."

"ಅಂಗಡಿ ನಡೀತಾ ಉಂಟಲ್ಲ ಮಾರಾಯ್ರೆ. ಕೆಲಸದಲ್ಲಿರುವ ಕತ್ತರಿ ಕೊಡಿ ಅಂದ ಹಾಗೆ ಆಗ್ತದೆ."

ಎರಡು ವರ್ಷದ ಮೇಲೆ ಆ ದರ್ಜಿ ತೀರಿಕೊಂಡರು. ಒಂದು ಬುಧವಾರ ಮಧ್ಯಾಹ್ನ ಬ್ಯಾಂಕಿನಲ್ಲಿದ್ದಾಗ ಅವರ ಮಗಳು ಫೋನು ಮಾಡಿದರು. "ತಿರುವನಂತಪುರದ ಸಾರ್ ಫೋನು ತೆಗೆಯುತ್ತಿಲ್ಲ. ಆ ಪುಸ್ತಕಗಳನ್ನು ಸಾರಿಗೆ ಕೊಡಬೇಕೆಂದು ಅಪ್ಪಚ್ಚನ್ ಹೇಳಿಟ್ಟಿದ್ದಾರೆ. ಶನಿವಾರ ಅಂಗಡಿ ಬಿಟ್ಟುಕೊಡಬೇಕು. ಆಮೇಲೆ ನಾನೂ ಮಗನ ಹತ್ತಿರ ಮಸ್ಕತ್ತಿಗೆ ಹೋಗುತ್ತಿದ್ದೇನೆ. ನೀವೊಮ್ಮೆ ಅವರಿಗೆ ಹೇಳುತ್ತೀರಾ?"

ಪ್ರಯಾಣದ ದಿನ ಬಿಟ್ಟರೆ ಅವರ ಮೊಬೈಲು ಸದಾ ಮೇಜಿನ ಡ್ರಾಯರಿನಲ್ಲಿ ಆಫ್ ಆಗಿ ಮಲಗಿರುತ್ತಿತ್ತು. ಆದರೆ ಕಚೇರಿಯ ನಂಬರು ನನಗೆ ಬಾಯಿಪಾಠವಿತ್ತು. ಟೀಚರ ನಂಬರೂ ಇತ್ತು. ಬುಧವಾರ ಹೇಳಲಿಲ್ಲ. ಗುರುವಾರ ಹೇಳಲಿಲ್ಲ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಫೋರ್ಟ್ ಕೊಚ್ಚಿಗೆ ಹೋದೆ.

"ಸಾರ್ ಕಳಿಸಿದ್ದಾರೆ," ಎಂದೆ.

ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪತ್ರಿಕೆಗಳನ್ನು ಸೂಟಿನ ಚೀಲವೊಂದರಲ್ಲಿ ಹಾಕಿ, ಜಿಪ್ಪು ಎಳೆದು, ತಾವೇ ಜೆಟ್ಟಿಯವರೆಗೆ ಹೊತ್ತು ತಂದರು. ಬೋಟು ಹೊರಟಾಗ ಕೈ ಬೀಸಿದರು. ನಾನೂ ಬೀಸಿದೆ. ಆ ಇಪ್ಪತ್ತು ನಿಮಿಷ ನೀರಿನ ಮೇಲೆ ನನಗಾದ ಸುಖವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಗ ಹುಟ್ಟಿದ ದಿನವೂ ನಾನು ಅಷ್ಟು ಉಬ್ಬಿರಲಿಲ್ಲ. ಅಂತೂ ಒಂದು ಸಲ ಅವರಿಗಿಂತ ಮೊದಲು ಹೋಗಿದ್ದೆ.

ಮನೆಗೆ ಬಂದು ತೆರೆದು ನೋಡಿದರೆ ಒಳಗೆಲ್ಲ ಪೆನ್ಸಿಲಿನ ಗೀಚು. ಸೂಟು ತೊಟ್ಟ ಗಂಡಸರ ಚಿತ್ರಗಳ ಪಕ್ಕದಲ್ಲೆಲ್ಲ ಹೆಸರು, ಅಂಕಿ, ಮಲಯಾಳದಲ್ಲಿ ಏನೇನೋ. ನನಗೆ ರೇಗಿತು. ಇಷ್ಟು ಅಪರೂಪದ ಪತ್ರಿಕೆಯನ್ನು ಆ ಮುದುಕ ಚೀಟಿಪುಸ್ತಕ ಮಾಡಿಕೊಂಡಿದ್ದನಲ್ಲ. ಒಳ್ಳೆಯ ಜಾತಿಯ ರಬ್ಬರು ತಂದು ಮೂರು ಭಾನುವಾರ ಕೂತು ಉಜ್ಜಿದೆ. ಅಡುಗೆಮನೆಯಿಂದ ಹೆಂಡತಿ ಇಣುಕಿ, "ಸರ್ಕ್ಯುಲರ್‌ಗಳನ್ನ ಇಷ್ಟು ಉಜ್ಜೋದು ಏನಿದೆ?" ಎಂದಳು. ಉಜ್ಜಿ ಮುಗಿದ ಮೇಲೆ ಇಪ್ಪತ್ತಾರೂ ಆಗತಾನೆ ಅಂಗಡಿಯಿಂದ ತಂದ ಹಾಗೆ ಕಂಡವು. ಅಟ್ಟಕ್ಕೇರಿಸಿದೆ.

ಐದು ತಿಂಗಳಾದ ಮೇಲೆ ಅವರು ಬಂದರು. ದರ್ಜಿ ತೀರಿಕೊಂಡದ್ದು ಆಗಷ್ಟೇ ತಿಳಿದಿತ್ತು. ಫೋರ್ಟ್ ಕೊಚ್ಚಿಗೆ ಹೋಗಿ ನೋಡಿದರೆ ಅಂಗಡಿಯಿದ್ದ ಜಾಗದಲ್ಲಿ ವಿದೇಶಿಯರು ಕಾಫಿ ಕುಡಿಯುತ್ತಿದ್ದರಂತೆ. ಮಗಳ ನಂಬರು ಹೋಗುತ್ತಿರಲಿಲ್ಲ. ನಮ್ಮ ಮನೆಗೆ ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತರು.

"ನಿಮಗೆ ಎಂತಾದ್ರೂ ಗೊತ್ತುಂಟಾ? ಅವರು ನಿಮಗೆ ಫೋನು ಮಾಡಿದ್ರಾ?"

"ಇಲ್ಲ ಸಾರ್."

ದರ್ಜಿಯ ಆ ಸಾಲನ್ನು ತಾವು ಬಯಸಿದ್ದು ಯಾಕೆ ಎಂದು ಅವರು ಹೇಳಿದರು. ಆ ಪತ್ರಿಕೆಗಳು ಬೇರೆ ಕಡೆಯೂ ಸಿಕ್ಕಾವು. ದರ್ಜಿಯ ಪೆನ್ಸಿಲು ಬೇರೆಲ್ಲಿಯೂ ಸಿಗುವುದಿಲ್ಲ. ಬಂದ ಗಿರಾಕಿ ಪುಟ ತಿರುಗಿಸಿ, ನನಗೆ ಇಂಥದ್ದು ಬೇಕು ಎಂದು ಚಿತ್ರದ ಮೇಲೆ ಬೆರಳಿಡುತ್ತಿದ್ದ. ದರ್ಜಿ ಅದೇ ಚಿತ್ರದ ಪಕ್ಕದಲ್ಲಿ ಅವನ ಹೆಸರು, ಅಳತೆ, ಮೈಯ ಕೊರತೆ ಎಲ್ಲ ಬರೆದುಕೊಳ್ಳುತ್ತಿದ್ದರು.

"ಒಂದು ಬದಿಯಲ್ಲಿ ಪತ್ರಿಕೆಯ ಗಂಡಸು, ಮತ್ತೊಂದು ಬದಿಯಲ್ಲಿ ನಮ್ಮ ಗಂಡಸು. ಒಂದೇ ಪುಟದಲ್ಲಿ. ಮೂವತ್ತು ವರ್ಷ ಹುಡುಕಿದ್ರೂ ಇನ್ನೊಂದು ಸಿಕ್ಕುದಿಲ್ಲ ಅದು. ಚೊಕ್ಕ ಇರುವ ಪತ್ರಿಕೆ ಯಾರಿಗೆ ಬೇಕು ಮಾರಾಯ್ರೆ? ಚೊಕ್ಕ ಉಂಟು ಅಂದ್ರೆ ಯಾರೂ ಮುಟ್ಲಿಲ್ಲ ಅಂತ."

ನನ್ನ ತಲೆಯ ಮೇಲೆ, ಆರಡಿ ಎತ್ತರದಲ್ಲಿ, ಇಪ್ಪತ್ತಾರು ಚೊಕ್ಕ ಪತ್ರಿಕೆಗಳಿದ್ದವು. ನಾನು ಚಹಾ ತರುತ್ತೇನೆಂದು ಒಳಗೆ ಹೋಗಿ, ಗ್ಯಾಸು ಹಚ್ಚದೆ ನಿಂತಿದ್ದೆ. ಆಗ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಆದದ್ದು ಅದಲ್ಲ. ಅದೇ ಪುಟಗಳನ್ನು ನಾನೂ ನೋಡಿದ್ದೆ, ಮೂರು ಭಾನುವಾರ ಕಣ್ಣಿಟ್ಟು ನೋಡಿದ್ದೆ, ನನಗೆ ಕಂಡದ್ದು ಗಲೀಜು. ಅವರಿಗೆ ಒಂದೇ ಗಳಿಗೆಯಲ್ಲಿ ಅದರ ಬೆಲೆ ಕಂಡಿತ್ತು. ಆ ಕಣ್ಣು ನನಗೇಕಿಲ್ಲ ಎಂಬುದೇ ನನ್ನನ್ನು ಸುಟ್ಟಿತು.

ಆಮೇಲಿನ ವರ್ಷಗಳಲ್ಲಿ ನಾನು ಅವರನ್ನು ತಪ್ಪಿಸಿಕೊಂಡು ತಿರುಗಿದೆ. ಇಬ್ಬರೂ ನಿವೃತ್ತರಾದೆವು. ಒಂದು ದಿನ ಟೀಚರ್ ವಾಟ್ಸಾಪಿನಲ್ಲಿ ಕರೆಯೋಲೆ ಕಳಿಸಿದರು. ತಿರುವನಂತಪುರದ ಒಂದು ಕಾಲೇಜಿನಲ್ಲಿ ಅವರ ಭಾಷಣ. ನಾನು ಹೋದೆ. ಚೆನ್ನಾಗಿ ಆಗದಿರಲಿ ಎಂಬ ಆಸೆಯೂ ಇತ್ತು.

ಭಾಷಣ ಚೆನ್ನಾಗಿಯೇ ಆಯಿತು. ಆಲಪ್ಪುಳದ ಕೊಡೆಯವನ ಬಗ್ಗೆ ಹೇಳಿದರು, ವಿಳಿಂಜಂನ ಐದಡಿ ಎರಡಂಗುಲದವನ ಬಗ್ಗೆ ಹೇಳಿದರು. ಹುಡುಗರು ನಕ್ಕು, ಆಮೇಲೆ ಫೋನು ಕೆಳಗಿಟ್ಟು ಕೇಳತೊಡಗಿದರು. ಒಬ್ಬ ಅಧ್ಯಾಪಕಿ ಎದ್ದು, "ಇವುಗಳಲ್ಲಿ ಹೆಂಗಸನ್ನು ಸಾಮಾನಿನ ಹಾಗೆ ತೋರಿಸಿದ್ದಾರೆ. ಇವನ್ನು ಏಕೆ ಕಾಪಾಡಬೇಕು?" ಎಂದು ನೇರವಾಗಿ ಕೇಳಿದರು.

"ನೀವು ಹೇಳುವುದು ಸರಿ," ಎಂದರು ಅವರು. "ಹಾಗೆ ತೋರಿಸಿದ್ದು, ನಾವು ಹಾಗೆ ನೋಡಿದ್ದು, ಎರಡೂ ನಿಜ. ಸುಟ್ಟುಹಾಕಿದರೆ ನಾವು ನೋಡಿಯೇ ಇಲ್ಲ ಎಂದು ಹೇಳಲು ಸುಲಭವಾಗುತ್ತದೆ."

ಮುಂದಿನ ಸಾಲಿನಲ್ಲಿದ್ದ ಟೀಚರ್ ಹಿಂದೆ ತಿರುಗಿ ಆ ಅಧ್ಯಾಪಕಿಗೆ, "ನಡುಪುಟಗಳನ್ನು ಹೊಲಿದವಳು ನಾನು. ಹೊಲಿಯುವಾಗ ನನಗೂ ಸಿಟ್ಟು ಬಂದದ್ದುಂಟು," ಎಂದರು. ಅಧ್ಯಾಪಕಿ ಕೂತರು.

ಕೊನೆಯಲ್ಲಿ ಅವರು ಪರದೆಯ ಮೇಲೆ ಒಂದು ಫೋಟೊ ತೋರಿಸಿದರು. ದರ್ಜಿಯಂಗಡಿಯಲ್ಲಿ ಅಂದು ಫೋನಿನಲ್ಲಿ ತೆಗೆದದ್ದು. ಕೋಟು ತೊಟ್ಟು ಕಾರಿಗೆ ಒರಗಿದ ಒಬ್ಬ ಸುಂದರ, ಪಕ್ಕದಲ್ಲಿ ಪೆನ್ಸಿಲಿನ ಅಳತೆ. ಇಂಥ ಇಪ್ಪತ್ತಾರು ಸಂಚಿಕೆಗಳು ಇದ್ದವು, ಈಗ ಉಳಿದದ್ದು ಈ ಒಂದು ಫೋಟೊ ಎಂದರು. "ಯಾರ ಕೈಗೋ ಸಿಕ್ಕಿ ಮೀನು ಕಟ್ಟಲು ಹೋಗಿರಬೇಕು. ಅವನನ್ನು ದೂರಿ ಏನು ಮಾಡುವುದು? ಪಾಪ, ಅವನಿಗೇನು ಗೊತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಪಾಪ" ತಡೆಯಲಾಗಲಿಲ್ಲ. ಮುಂದಿನ ವಾರವೇ ಸೂಟ್‌ಕೇಸು ಹೊತ್ತು ಅವರ ಮನೆಗೆ ಹೋದೆ. ಪ್ರಾಮಾಣಿಕತೆ ಎಂದು ಯಾರೂ ತಿಳಿಯಬೇಡಿ. ಮೀನು ಕಟ್ಟಿದವನು ನಾನಲ್ಲ ಎಂದು ಹೇಳಬೇಕಾಗಿತ್ತು, ಅಷ್ಟೇ.

ಅವರು ಜಗಲಿಯಲ್ಲಿ ಕೂತಿದ್ದರು. ಮೊದಲ ಸಂಚಿಕೆ ಕಂಡ ಕೂಡಲೇ ಮುಖ ಅರಳಿತು. ಎದ್ದು ಹೋಗಿ ಕೈ ತೊಳೆದು, ತೋರ್ತಿನಲ್ಲಿ ಒರೆಸಿಕೊಂಡು ಬಂದು ಪುಟ ತಿರುಗಿಸಿದರು. ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು.

"ರಬ್ಬರು ಹಾಕಿದಿರಾ?"

"ಹೌದು ಸಾರ್."

"ಎಲ್ಲದಕ್ಕೂ?"

"ಎಲ್ಲದಕ್ಕೂ."

ಅವರು ಪತ್ರಿಕೆಯನ್ನು ಮುಚ್ಚಿ, ಕುರ್ಚಿಯ ಮೇಲಿಟ್ಟು, ಒಳಗೆ ಹೋದರು. ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಟೀಚರ್ ಬಂದು, "ಇವತ್ತು ನೀವು ಹೋಗಿ. ಪುಸ್ತಕ ಇರ್ಲಿ," ಎಂದರು. ಆ ಮನೆಯಲ್ಲಿ ಚಹಾ ಕೊಡದೆ ಕಳಿಸಿದ್ದು ಅದೊಂದೇ ಸಲ.

ಮೂರು ತಿಂಗಳು ಮಾತಿಲ್ಲ. ಆಮೇಲೆ ಟೀಚರ ಫೋನು. "ಬರ್ಲಿಕ್ಕೆ ಆಗ್ತದಾ? ನಮ್ಮಿಬ್ಬರ ಕಣ್ಣು ಸಾಲ್ತಾ ಇಲ್ಲ. ಒಬ್ರು ಹಿಡ್ಕೊಳ್ಳಿಕ್ಕೆ ಬೇಕು."

ಹೋದಾಗ ಮಧ್ಯಾಹ್ನ ನಾಲ್ಕು ಗಂಟೆ. ಪಡುವಣ ಕಿಟಕಿಯಿಂದ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು. ಅವರು ಒಂದು ಪುಟವನ್ನು ಆ ಬಿಸಿಲಿಗೆ ಓರೆಯಾಗಿ ಹಿಡಿದು, ಮುಖವನ್ನು ಕಾಗದದ ಮಟ್ಟಕ್ಕೆ ಇಳಿಸಿ ನೋಡುತ್ತಿದ್ದರು. ದರ್ಜಿ ಪೆನ್ಸಿಲನ್ನು ಒತ್ತಿ ಬರೆಯುವವರು. ಕಪ್ಪು ಹೋಗಿದ್ದರೂ ಕಾಗದದಲ್ಲಿ ಕೂದಲೆಳೆಯಷ್ಟು ಗೀರು ಉಳಿದಿತ್ತು. ಓರೆ ಬೆಳಕಿನಲ್ಲಿ ಅದರ ನೆರಳು ಏಳುತ್ತಿತ್ತು.

"ನೀವು ಗಟ್ಟಿ ಉಜ್ಜಿದ ಕಡೆ ಎಂತದೂ ಸಿಕ್ಕುದಿಲ್ಲ," ಎಂದರು ನನ್ನ ಕಡೆ ನೋಡದೆ. "ಉದಾಸೀನದಲ್ಲಿ ಉಜ್ಜಿದ ಕಡೆ ಸಿಕ್ತದೆ. ನಿಮ್ಮ ಉದಾಸೀನವೇ ಉಳಿಸಿದ್ದು."

ಕ್ಷಮೆಯ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನೂ ಕೇಳಲಿಲ್ಲ. ಪ್ರತಿ ಎರಡನೇ ಶನಿವಾರ ರೈಲಿನಲ್ಲಿ ಹೋಗುತ್ತಿದ್ದೆ. ನನ್ನ ಕೆಲಸ ಪುಟವನ್ನು ಅಲುಗದ ಹಾಗೆ ಹಿಡಿಯುವುದು. ಅವರು ಓದುವುದು, ಟೀಚರ್ ಬರೆದುಕೊಳ್ಳುವುದು.

"ಎದೆ ಮೂವತ್ತಾರು. ಎಡ ಹೆಗಲು ತಗ್ಗು."

"ಎಡ ಹೆಗಲು ತಗ್ಗು," ಎಂದು ಟೀಚರ್ ಬರೆಯುತ್ತಿದ್ದರು.

"ಸೊಂಟ ನಲವತ್ತು. ಗೂನು ಉಂಟು, ಕಾಣದ ಹಾಗೆ ಹೊಲಿಯಬೇಕು."

ಪುಟದ ಮೇಲೆ ಗೂನಿಲ್ಲದ, ತಗ್ಗು ಹೆಗಲಿಲ್ಲದ ಸುಂದರರು ಸಿಗರೇಟು ಹಿಡಿದು ನಗುತ್ತಿದ್ದರು. ಗಂಡಹೆಂಡತಿ ಇಬ್ಬರೂ ಮಾತಿಲ್ಲದೆ ಒಬ್ಬರ ಕೈಯಿಂದೊಬ್ಬರು ಕೆಲಸ ತೆಗೆದುಕೊಳ್ಳುವುದನ್ನು ನಾನು ಪುಟದ ಮೇಲಿಂದ ನೋಡುತ್ತಿದ್ದೆ. ನನ್ನ ಹೆಂಡತಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಸರ್ಕ್ಯುಲರ್‌ಗಳ ವಿಷಯ ಅವಳಿಗೆ ಕೊನೆಗೂ ಹೇಳಿರಲಿಲ್ಲ.

ಒಂದು ದಿನ ಅವರು ಎಷ್ಟು ಓರೆ ಮಾಡಿಸಿದರೂ ಒಂದು ಅಂಕಿ ಏಳಲಿಲ್ಲ. ನಾನಿದ್ದ ಕಡೆಯಿಂದ ನನಗೆ ಕಂಡಿತು. "ಮೂವತ್ತೊಂಬತ್ತು," ಎಂದೆ. ಅವರು ಎದ್ದು ನನ್ನ ಬದಿಗೆ ಬಂದು, ಬಗ್ಗಿ ನೋಡಿ, "ಹೌದು," ಎಂದರು. ಅಷ್ಟೇ. ಕೊಚ್ಚಿ ಮುಟ್ಟುವವರೆಗೆ ರೈಲಿನಲ್ಲಿ ಆ "ಹೌದು" ನನ್ನ ಜೊತೆಗಿತ್ತು.

ಆರು ಸಂಚಿಕೆಗಳು ಬಾಕಿ ಇರುವಾಗ ಅವರು ಹೋದರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎದೆನೋವು, ಆಸ್ಪತ್ರೆ ತಲುಪಲಿಲ್ಲ. ಹದಿನೈದು ದಿನದ ಮೇಲೆ ಟೀಚರ್ ಫೋನು ಮಾಡಿ, "ಎರಡನೇ ಶನಿವಾರ ಬರ್ತೀರಲ್ಲ?" ಎಂದು ಮಾತ್ರ ಕೇಳಿದರು. ಆ ಆರನ್ನು ನಾವಿಬ್ಬರೇ ಮುಗಿಸಿದೆವು. ಈ ಸಲ ಪುಟ ಹಿಡಿದದ್ದು ಟೀಚರ್, ಮಲಯಾಳದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದ್ದು ನಾನು. ನನಗೆ ಮೂರರಲ್ಲೊಂದು ಭಾಗವೂ ಕಾಣಲಿಲ್ಲ. ಅವರಾಗಿದ್ದರೆ ಕಂಡಿರುತ್ತಿತ್ತು ಎಂದು ಟೀಚರ್ ಬಾಯಿಬಿಟ್ಟು ಹೇಳಲಿಲ್ಲ. ಕಾಣದ ಕಡೆ ಒಂದು ಗೀಟು ಎಳೆದು, ಪುಟ ತಿರುಗಿಸುತ್ತಿದ್ದರು.

ಕಳೆದ ತಿಂಗಳು ಇಡೀ ಸಂಗ್ರಹ, ಕಾರ್ಡುಗಳು, ವ್ಯಾಸಪೀಠದ ಸಮೇತ, ಅವರು ಭಾಷಣ ಮಾಡಿದ ಕಾಲೇಜಿನ ಗ್ರಂಥಾಲಯಕ್ಕೆ ಹೋಯಿತು. ಕಪಾಟಿನ ಮೇಲೆ ಹಾಕುವ ಫಲಕಕ್ಕೆ ಹೆಸರು ಬರೆದುಕೊಡಿ ಎಂದು ಗ್ರಂಥಪಾಲಕಿ ಕಾಗದ ಮುಂದಿಟ್ಟರು. ಟೀಚರ್ ಗಂಡನ ಹೆಸರು ಬರೆದರು. ಆಮೇಲೆ ಪೆನ್ನು ಎತ್ತದೆ ನನ್ನ ಕಡೆ ತಿರುಗಿ, "ನಿಮ್ಮದೂ ಬರೆಯುದಾ?" ಎಂದು ಕೇಳಿದರು.

"ಬೇಡ ಟೀಚರ್. ಇದೆಲ್ಲ ಅವರದೇ," ಎಂದೆ.

ಹೇಳಬೇಕಾದದ್ದನ್ನೇ ಹೇಳಿದ್ದೆ. ಆದರೂ ಟೀಚರ್ ಇನ್ನೊಂದು ಸಲ ಕೇಳಲಿ ಎಂದು ಕಾದೆ. ಟೀಚರ್ ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಗ್ರಂಥಪಾಲಕಿಯ ಕಡೆ ಸರಿಸಿದರು.